ಅಕ್ಕ ಮಾರದ ಷೇರುಗಳು

ಶಿರಾ ಗೇಟ್ ಹತ್ತಿರದ ಅಕ್ಕನ ಮನೆಯಲ್ಲಿ ಭಾನುವಾರ ಊಟವಾದ ಕೂಡಲೇ ಮೇಜು ಒರೆಸಿ ರೈಲಿನ ಆಟ ಹರಡುತ್ತಿದ್ದೆವು. ಅಕ್ಕ, ಅವಳ ಗಂಡ, ನಾನು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅಕ್ಕನೇ ಅದನ್ನು ತರಿಸಿದ್ದಳು. ನಕ್ಷೆಯ ಮೇಲೆ ಹಳಿ ಜೋಡಿಸಬೇಕು, ರೈಲು ಕಂಪನಿಗಳ ಷೇರು ಕೊಳ್ಳಬೇಕು. ನಿಯಮ ಅರ್ಥವಾಗುವಷ್ಟರಲ್ಲಿ ನನಗೂ ಭಾವನಿಗೂ ಒಂದು ಮಳೆಗಾಲವೇ ಕಳೆದಿತ್ತು.

ಆ ಆಟದಲ್ಲಿ ಹೊಸ ರೈಲು ಬಂದಂತೆ ಹಳೆಯವು ಗುಜರಿಗೆ ಹೋಗುತ್ತವೆ. ಆಗ ಎಲ್ಲರಿಗಿಂತ ಹೆಚ್ಚು ಷೇರು ಹಿಡಿದು ಕಂಪನಿಯ ಯಜಮಾನರಾಗಿದ್ದವರು ಸ್ವಂತ ದುಡ್ಡಿನಿಂದ ಹೊಸ ರೈಲು ಕೊಡಿಸಬೇಕು. ಅಕ್ಕ ಇದನ್ನು ಮೊದಲೇ ಊಹಿಸಿ, ಮುಳುಗುವ ಕಂಪನಿಯ ಷೇರು ಮಾರಿ, ಯಜಮಾನಿಕೆಯನ್ನು ಭಾವನ ತಲೆಗೆ ಕಟ್ಟುತ್ತಿದ್ದಳು.

"ತಗೊಳ್ರೀ, ನಿಮ್ಗೇ ಇರ್ಲಿ."

"ಗಂಡ ಅನ್ನೋ ಕರುಣೆ ಒಂಚೂರೂ ಬೇಡ್ವೇನೇ?" ಎಂದು ಭಾವ ಗೊಣಗುತ್ತಿದ್ದರು.

ಅಕ್ಕನಿಗೆ ಕ್ಯಾನ್ಸರ್ ಬಂದ ಮೇಲೂ ಆಟ ನಿಲ್ಲಲಿಲ್ಲ. ಕೀಮೋದಿಂದ ಬಾಯಲ್ಲಿ ಹುಣ್ಣಾಗಿ ಮಾತಾಡಲಾಗದಿದ್ದ ಒಂದು ದಿನ ಅವಳು ಬೆರಳಲ್ಲೇ ತೋರಿಸುತ್ತಾ ನಮ್ಮಿಬ್ಬರನ್ನೂ ಸೋಲಿಸಿದಳು. ಭಾವನಿಗೆ ಅದೆಷ್ಟು ಖುಷಿಯಾಯಿತೆಂದರೆ ಓಡಿಹೋಗಿ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದರು. ಅವಳು ಅದನ್ನು ತಿನ್ನಲಾರಳೆಂಬುದು ಮನೆಯೊಳಗೆ ಬಂದ ಮೇಲೆ ನೆನಪಾಯಿತು. ಪೊಟ್ಟಣ ಹಿಡಿದುಕೊಂಡು ಹಾಗೇ ನಿಂತರು.

ಮುಂದೊಂದು ಭಾನುವಾರ ಅಕ್ಕನ ಕಂಪನಿಯ ಸರದಿ ಬಂತು. ಅವಳ ರೈಲು ಗುಜರಿಗೆ ಹೋಗಿಯೇ ಹೋಗುವುದಿತ್ತು. ಷೇರು ಮಾರಿದರೆ ಹೊರೆಯೆಲ್ಲ ಭಾವನದು. ಅವಳು ಷೇರುಗಳನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ತನ್ನ ದುಡ್ಡನ್ನೆಲ್ಲ ಸುರಿದು ತಾನೇ ರೈಲು ಕೊಂಡಳು.

"ಯಾಕೆ ಮಾರ್ಲಿಲ್ಲ?" ಭಾವ ಕೇಳಿದರು.

"ಇರ್ಲಿ ಬುಡಿ."

"ನೀನು ಹಂಗೆ ಬಿಡೋಳಲ್ಲ. ಮಾರು."

"ನಿಮ್ ತಲೆ ಮೇಲೆ ಈಗ್ಲೇ ಸಾಕಷ್ಟಿದೆ ಕಣ್ರೀ. ಮುಂದೆ ಇನ್ನೂ ಇದೆ."

ಅಲ್ಲಿಯವರೆಗೆ ಅವಳೂ ನಾವೂ ವಾಸಿಯಾಗುತ್ತದೆಂದೇ ಹೇಳಿಕೊಂಡು ಬಂದಿದ್ದೆವು. ಭಾವ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ನೀರು ಸುಮ್ಮನೆ ಸುರಿಯುತ್ತಲೇ ಇತ್ತು. "ಹೋಗೇ, ಟೀ ಇಡು" ಎಂದು ಅಕ್ಕ ನನಗೆ ಹೇಳಿದಳು. ಒಳಗೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಉಳಿದ ಆಟವನ್ನು ಮುಂದಿನ ವಾರಕ್ಕೆ ಬಿಟ್ಟೆವು. ಅಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳು ಮನೆಗೆ ಮರಳಲಿಲ್ಲ.

ಆಟ ಮೇಜಿನ ಮೇಲೆ ಹಾಗೇ ಇತ್ತು. ಭಾವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ತಿಥಿಯ ದಿನ ಕುಣಿಗಲ್‌ನಿಂದ ಬಂದಿದ್ದ ಅಮ್ಮ ಎಲ್ಲವನ್ನೂ ಬಾಚಿ ಡಬ್ಬಕ್ಕೆ ತುಂಬಿಬಿಟ್ಟಳು.

"ಎಲೆ ಹಾಕ್ಬೇಕಿತ್ತು ಕಣಪ್ಪ, ತೆಗೆದಿಟ್ಟೆ."

"ಪರ್ವಾಗಿಲ್ಲ ಬುಡಿ ಅತ್ತೆ" ಎಂದು ಭಾವ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಅವ್ಳೇ ಗೆಲ್ತಿದ್ಲು, ಅಲ್ವಾ?" ಎಂದರು.

"ಹೂಂ ಭಾವ" ಎಂದೆ. ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಭಾವ ಗುಬ್ಬಿಗೆ ವರ್ಗ ಮಾಡಿಸಿಕೊಂಡರು. ಭಾನುವಾರ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಾರೆ. ಆಟದ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.