ಮಾವನವರು ಪಾಸ್ತಾ ಕೈಯಾಡಿಸಿದ ಸಂಜೆ

ಹೋದ ಬೇಸಿಗೆಯಲ್ಲಿ ವಿಜಯಪುರದಲ್ಲಿರುವ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅತ್ತೆಯ ತಂಗಿ ಅದೇ ಊರಿನವರು. ಅವರು ಬಟ್ಟೆಯ ಚೀಲ ಹಿಡಿದುಕೊಂಡು ಬಂದೇ ಬಿಟ್ಟರು. ಆದರೆ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು ಹೇಳಿದರಂತೆ: "ಅಕ್ಕನ್ನ ಎಷ್ಟು ದಿನಾ ಬೇಕಾದ್ರೂ ನೋಡ್ಕೋತೀನಿ. ಭಾವಾರನ್ನ ನೋಡ್ಕೊಳ್ಳೂದು ಮಾತ್ರ ನನ್ನ ಕೈಲೆ ಆಗೂದಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಾವನವರಿಗೆ ದಿನಕ್ಕೆ ಐದಾರು ಸಲ ಚಹಾ ಬೇಕು. ರೊಟ್ಟಿ ಹೆಂಚಿನಿಂದ ನೇರ ತಟ್ಟೆಗೆ ಬೀಳಬೇಕು. ಅನ್ನದ ಹೊತ್ತಿಗೆ ಅನ್ನ ತಾನಾಗಿ ಕಾಣಿಸಿಕೊಳ್ಳಬೇಕು. ಬಟ್ಟೆ ಅಂಗಡಿ ನಡೆಸಿ, ಈಗ ಅದನ್ನು ಪಾಲುದಾರರಿಗೆ ಬಿಟ್ಟುಕೊಟ್ಟು ಆರಾಮವಾಗಿದ್ದ ಅವರಿಗೆ ಅಡುಗೆಮನೆಯಲ್ಲಿ ಪರಿಚಯವಿದ್ದ ವಸ್ತು ಒಂದೇ, ಕುಡಿಯುವ ನೀರಿನ ಬಿಂದಿಗೆ. ಹೀಗಾಗಿ ಕೈ ಮುರಿದುಕೊಂಡವರು ಊರಲ್ಲೇ ಉಳಿದರು. ಕೈಕಾಲು ಗಟ್ಟಿಯಾಗಿದ್ದ ಮಾವನವರನ್ನು ಪುಣೆಯ ಬಸ್ಸು ಹತ್ತಿಸಿ ನಮ್ಮ ಮನೆಗೆ ಕಳಿಸಿಬಿಟ್ಟರು.

ಕೋಥರೂಡದ ನಮ್ಮ ಮನೆಯಲ್ಲಿ ವಾರದ ದಿನಗಳ ರಾತ್ರಿ ಅಡುಗೆ ನನ್ನದು. ನನ್ನ ಹೆಂಡತಿ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಕು ಹರಿಯುವಾಗ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ. ನಾನು ಹಾಸನದ ಕಡೆಯವನು, ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ. ಮದುವೆಯಾದಾಗಿನಿಂದ ನಡೆದುಬಂದ ಈ ಏರ್ಪಾಟು ಮಾವನವರಿಗೆ ಗೊತ್ತಿರಲಿಲ್ಲ. ನಾವೇನೂ ಮುಚ್ಚಿಟ್ಟಿರಲಿಲ್ಲ. ವಿಜಯಪುರಕ್ಕೆ ಹೋದಾಗ ಅತ್ತೆ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲವಾದ್ದರಿಂದ ವಿಷಯ ಹೊರಗೆ ಬರಲು ಸಂದರ್ಭವೇ ಒದಗಿರಲಿಲ್ಲ.

ಬಂದ ಮೊದಲ ಸಂಜೆ ಮಾವನವರು ನೀರು ಕುಡಿಯಲು ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಿದ್ದೆ. ನಾನು ಸ್ನಾನ ಮಾಡುತ್ತಿರುವಾಗ ಬಾಗಿಲು ತೆಗೆದವರ ಹಾಗೆ ಅವರು ಗಕ್ಕನೆ ಹಿಂದೆ ತಿರುಗಿ, ನೀರೂ ಕುಡಿಯದೆ ಹೋಗಿಬಿಟ್ಟರು.

ಮರುದಿನದಿಂದ ಅವರದೊಂದು ಕ್ರಮ ಶುರುವಾಯಿತು. ಒಳಗೆ ಕುಕ್ಕರಿನ ಸದ್ದು ಕೇಳಿದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನಲ್ಲಿ ಇಳಿದು ಅಪಾರ್ಟ್‌ಮೆಂಟಿನ ತೋಟದ ಬೆಂಚಿಗೆ ಹೋಗಿ ಕೂರುವರು. ಅಲ್ಲಿ ವಾಚ್‌ಮನ್ ಜೊತೆ ಮರಾಠಿಯಲ್ಲಿ ಬಿಡುವಿಲ್ಲದ ಹರಟೆ. ನನ್ನ ಜೊತೆ ಕನ್ನಡದಲ್ಲಿ ದಿನಕ್ಕೆ ಮೂರು ಮಾತು. ಬೆಳಿಗ್ಗೆ "ಆರಾಮ ಅದೀರೇನ್ರಿ?", ಮಧ್ಯಾಹ್ನ "ಬಿಸಿಲು ಭಾಳ ಅದ", ರಾತ್ರಿ "ಮಲಗ್ರಿ ಇನ್ನ." ಅಡುಗೆ ಮಾಡುವ ಅಳಿಯನನ್ನು ಕಂಡು ಅವರಿಗೆ ನಾಚಿಕೆಯಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಮಗಳನ್ನು ಕೊಟ್ಟದ್ದು ಇವನಿಗಾ ಎಂದು ಅವರು ಬೆಂಚಿನ ಮೇಲೆ ಕುಳಿತು ಕೊರಗುತ್ತಿರುವಂತೆಯೂ ಕಲ್ಪಿಸಿಕೊಂಡೆ. ಹೆಂಡತಿಗೆ ಹೇಳಿದರೆ ಅವಳು ನಕ್ಕಳು. "ನಮ್ಮಪ್ಪಗ ನಾಚಿಕಿ? ಅವ್ರು ಗಿರಾಕಿ ಮುಂದ ತಾವ ಸೀರಿ ಉಟ್ಟು ತೋರಿಸಿದವ್ರು!" ಎಂದಳು. ಆದರೂ ನನ್ನ ಅನುಮಾನ ಹೋಗಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಸಂಜೆ ಬಸ್ಸಿನಿಂದ ಅವಳ ಸಂದೇಶ ಬಂತು. ಹಡಪ್ಸರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಳೆ, ಮಧ್ಯಾಹ್ನದ ಡಬ್ಬಿ ಸಾಲಲಿಲ್ಲ, ಪ್ರಾಣ ಹೋಗುವಷ್ಟು ಹಸಿವು, ಇವತ್ತು ಸಾಸೇಜ್ ಪಾಸ್ತಾ ಬೇಕೇ ಬೇಕು.

ಇದು ನನ್ನ ಕೈಗೆ ಚೆನ್ನಾಗಿ ಕೂತಿರುವ ಅಡುಗೆ. ಒಂದೇ ಅಗಲವಾದ ಪ್ಯಾನು ಸಾಕು. ಸಾಸೇಜನ್ನು ಬಿಲ್ಲೆಗಳಾಗಿ ಕೊಯ್ದು ಕೆಂಪಗೆ ಹುರಿದು, ಅದೇ ಎಣ್ಣೆಯಲ್ಲಿ ಬೆಳ್ಳುಳ್ಳಿ ಮತ್ತು ಆಯಾ ಕಾಲದ ತರಕಾರಿಯನ್ನು ಬಾಡಿಸಿ, ಟೊಮೇಟೊ, ನೀರು, ಹಸಿ ಪಾಸ್ತಾ ಎಲ್ಲವನ್ನೂ ಸುರಿದು ಮುಚ್ಚಿಟ್ಟರೆ ಆಯಿತು. ಬಸ್ಸಿಳಿದವಳು ಕೈಕಾಲು ತೊಳೆಯುವಷ್ಟರಲ್ಲಿ ತಟ್ಟೆ ಸಿದ್ಧ. ಆ ದಿನ ಫ್ರಿಜ್ಜಿನಲ್ಲಿ ಝುಕಿನಿ, ಕೆಂಪು ಮತ್ತು ಹಳದಿ ದಪ್ಪಮೆಣಸಿನಕಾಯಿ, ಎಳೆ ಜೋಳದ ತೆನೆ ಎಲ್ಲ ಇದ್ದವು. ಮಾವನವರು ಎಂದಿನಂತೆ ಚಪ್ಪಲಿ ಮೆಟ್ಟಿ ಕೆಳಗೆ ಹೋದರು. ನಾನು ಚಾಕು ಕೈಗೆತ್ತಿಕೊಂಡೆ.

ಆಗ ಶುರುವಾಯಿತು ನೋಡಿ ಮಳೆ. ಬೇಸಿಗೆಯ ಕೊನೆಗೆ ಪುಣೆಯಲ್ಲಿ ಬರುವ ಈ ಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಧೂಳೆದ್ದಿತು, ಗುಡುಗಿತು, ಎಲ್ಲ ಮನೆಯ ಕಿಟಕಿಗಳೂ ಒಟ್ಟಿಗೆ ಬಡಿದುಕೊಂಡವು, ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಮಾವನವರು ನೆನೆದು, ಲಿಫ್ಟಿಲ್ಲದೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮನೆಗೆ ಬಂದರು. ಹಾಲ್ ಪೂರ್ತಿ ಕತ್ತಲೆ. ಮನೆಯಲ್ಲಿ ಬೆಳಕಿದ್ದದ್ದು ಒಲೆಯ ನೀಲಿ ಉರಿಯಲ್ಲಿ ಮಾತ್ರ. ಟವೆಲ್ಲಿನಿಂದ ತಲೆ ಒರೆಸಿಕೊಂಡು ಅವರು ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನಾದ್ರೂ ಹಿಡೀಲೇನ್ರಿ?"

"ಟಾರ್ಚ್ ಹಿಡಿದ್ರೆ ಸಾಕು ಮಾವ. ಬೆರಳು ಕೊಯ್ದುಕೊಳ್ಳೋ ಹಾಗಾಗಿದೆ."

ಅವರು ತಮ್ಮ ಬಟನ್ ಫೋನಿನ ಟಾರ್ಚ್ ಹಚ್ಚಿದರು. ಆದರೆ ಅದರ ಬೆಳಕು ನಾನು ಕೊಯ್ಯುವ ಕಡೆ ನಿಲ್ಲುತ್ತಿರಲಿಲ್ಲ, ಅವರ ಕುತೂಹಲ ಹೋದ ಕಡೆ ಹೋಗುತ್ತಿತ್ತು. ಮೊದಲು ಝುಕಿನಿಯ ಮೇಲೆ ಬಿತ್ತು.

"ಇಂಥಾ ಛಲೋ ಸವತೀಕಾಯಿ ಯಾಕ ಹುರೀತೀರಿ? ಉಪ್ಪು ಹಚ್ಚಿ ಹಂಗ ತಿನ್ನಬಹುದಲ್ಲ," ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡರು.

"ಅದು ಸೌತೆಕಾಯಿ ಅಲ್ಲ ಮಾವ, ಝುಕಿನಿ."

ಅವರು ನಿಧಾನವಾಗಿ ಅಗಿದು ನುಂಗಿದರು. "ಹೌದ್ರಿ," ಅಂದರು, "ಅಲ್ಲ."

ಟಾರ್ಚು ಅಲ್ಲಿಂದ ಪಾಸ್ತಾದ ಪೊಟ್ಟಣಕ್ಕೆ ಹೋಯಿತು. ಒಂದು ತುಂಡನ್ನು ತೆಗೆದು, ಸೀರೆಯ ಸೆರಗು ನೋಡುವವರ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು, ವಾಪಸ್ ಹಾಕಿದರು. ಕೊನೆಗೆ ಬೆಳಕು ಸಾಸೇಜಿನ ಮೇಲೆ ಬಂದು ನಿಂತಿತು.

"ಇದೇನ್ರಿ ಇದು?"

"ಚಿಕನ್ ಸಾಸೇಜ್. ಕೋಳಿ."

"ಕೋಳಿ ಈ ಆಕಾರಕ್ಕ ಹೆಂಗ ಬಂತು?"

ನಾನು ಗೊತ್ತಿದ್ದಷ್ಟು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಎಲ್ಲಾ ಖರೇ. ಆದ್ರ ಇವತ್ತ ಸೋಮವಾರ. ನಾ ತಿನ್ನೂದಿಲ್ಲ," ಎಂದರು.

ಸೋಮವಾರ ಅವರು ಮಾಂಸ ಮುಟ್ಟುವುದಿಲ್ಲ ಎಂಬುದು ನನಗೆ ನೆನಪೇ ಇರಲಿಲ್ಲ. ಸಾಸೇಜ್ ಮೊದಲು ಹುರಿದರೆ ಎಣ್ಣೆಯೆಲ್ಲ ಅದರದೇ. ಹಾಗಾಗಿ ಕ್ರಮವನ್ನೇ ತಿರುವುಮುರುವು ಮಾಡುವುದೆಂದು ನಿರ್ಧರಿಸಿದೆ. ಮೊದಲು ತರಕಾರಿ ಮತ್ತು ಪಾಸ್ತಾ, ಅದರಲ್ಲಿ ಅವರ ಪಾಲು ಬೇರೆ ತೆಗೆದಿಟ್ಟ ಮೇಲೆ ಸಾಸೇಜ್. ಅವರು ಪ್ಯಾನಿನ ಮೇಲೆ ಬೆಳಕು ಬಿಟ್ಟು ಕೇಳಿದರು:

"ಇದ್ರಾಗ ನಿನ್ನೆ ಏನ್ ಮಾಡಿದ್ರಿ?"

"ದೋಸೆ."

"ಮೊನ್ನೆ?"

"ಮೊನ್ನೇದು ಕೇಳಬೇಡಿ ಮಾವ."

ಅವರು ಹೋ ಎಂದು ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಟಾರ್ಚಿನ ಬೆಳಕು ಗೋಡೆಯ ತುಂಬ ಕುಣಿಯಿತು.

ಬೆಳ್ಳುಳ್ಳಿ ಘಮ್ಮೆಂದಿತು. ದಪ್ಪಮೆಣಸಿನಕಾಯಿ, ಝುಕಿನಿ, ಜೋಳ ಬಾಡಿದವು. ಟೊಮೇಟೊ, ನೀರು, ಪಾಸ್ತಾ ಹಾಕಿ ಕುದಿಯಲು ಬಿಟ್ಟೆ. ಅಷ್ಟರಲ್ಲಿ ಆಫೀಸಿನ ಫೋನು ಬಂತು. ಏನೋ ಕೆಟ್ಟು ನಿಂತಿದೆ, ತಕ್ಷಣ ಮಾತಾಡಬೇಕು. ನಾನು ಸೌಟನ್ನು ಮಾವನವರ ಕೈಗೆ ಕೊಟ್ಟೆ. "ಏನೂ ಮಾಡಬೇಡಿ. ಆಗಾಗ ಕೈಯಾಡಿಸ್ತಾ ಇರಿ, ಅಷ್ಟೇ."

ನಾನು ಕತ್ತಲ ಹಾಲ್‌ನಲ್ಲಿ ನಿಂತು ಮಾತು ಮುಗಿಸಿ ಬಂದಾಗ ಕಂಡ ದೃಶ್ಯವನ್ನು ಹೇಗೆ ಹೇಳಲಿ? ಮಾವನವರು ಫೋನನ್ನು ಅಂಗಿಯ ಜೇಬಿನಲ್ಲಿ ಟಾರ್ಚು ಹೊರಗೆ ಮಾಡಿ ಸಿಕ್ಕಿಸಿಕೊಂಡಿದ್ದರು. ರೈಲಿನ ಇಂಜಿನ್ನಿನಂತೆ ಎದೆಯಿಂದ ಬೆಳಕು ಬಿಡುತ್ತ, ಒಂದು ಕೈಯಲ್ಲಿ ಸೌಟು ಮತ್ತೊಂದರಲ್ಲಿ ಚೊಂಬು ಹಿಡಿದು ನಿಂತಿದ್ದರು. ಪ್ಯಾನು ಅಂಚಿನ ತನಕ ತುಂಬಿ, ಪಾಸ್ತಾ ಅದರಲ್ಲಿ ಈಜಾಡುತ್ತಿತ್ತು.

"ಆರಲಿಕತ್ತಿತ್ತು, ಅದಕ್ಕ ಸ್ವಲ್ಪ ನೀರು ಹಾಕಿದೆ. ಮತ್ತ ಆರಲಿಕತ್ತಿತ್ತು, ಮತ್ತ ಹಾಕಿದೆ," ಎಂದರು. ಆಮೇಲೆ ದನಿ ತಗ್ಗಿಸಿ, "ಅಳಿಯಾರ, ಇದು ಸಾರಾತೇನ್ರಿ?"

ಸಾರೇ ಆಗಿತ್ತು. ಉರಿ ಜೋರು ಮಾಡಿ ಬತ್ತಿಸೋಣವೆಂದರೆ ಪಾಸ್ತಾ ಅಷ್ಟರಲ್ಲಿ ಗಂಜಿಯಾಗುತ್ತದೆ. ನಾನು ತಲೆ ಕೆರೆದುಕೊಳ್ಳುತ್ತ ನಿಂತೆ. ಮಾವನವರೂ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅಳುಕುತ್ತ ಅಂದರು: "ನಮ್ಮಾಕಿ ಪಲ್ಯ ನೀರಾದ್ರ ಶೇಂಗಾ ಪುಡಿ ಹಾಕ್ತಾಳ. ನಾ ಊಟಕ್ಕ ಕೂತಲ್ಲಿಂದ ನೋಡೀನಿ."

ಅತ್ತೆ ಅವರ ಕೈಯಲ್ಲಿ ಕಳಿಸಿದ್ದ ಹುರಿದ ಶೇಂಗಾ ಪುಡಿಯ ಡಬ್ಬಿ ಕಪಾಟಿನಲ್ಲಿತ್ತು. ಬೇರೆ ದಾರಿಯೂ ಇರಲಿಲ್ಲ. ನಾನು ಹಾಕಿದೆ, ಅವರು ಕೈಯಾಡಿಸಿದರು, ನಾನು ಇನ್ನಷ್ಟು ಹಾಕಿದೆ. ನೀರು ನೀರಾಗಿದ್ದದ್ದು ಮೆಲ್ಲಗೆ ಗಟ್ಟಿಯಾಗಿ ಪಾಸ್ತಾಕ್ಕೆ ಹತ್ತಿಕೊಳ್ಳತೊಡಗಿತು.

ಕೈಯಾಡಿಸುತ್ತಲೇ ಅವರು ಕೇಳಿದರು. "ಆಕಿ ಯಾವಾಗಲೂ ಇಷ್ಟೊತ್ತಿಗೇನು ಬರೂದು?"

"ಒಮ್ಮೊಮ್ಮೆ ಇನ್ನೂ ತಡ ಆಗುತ್ತೆ ಮಾವ."

"ಹಂಗಾದ್ರ ಬಂದು ಅಡಿಗಿ ಮಾಡೂದು ಆಗೂದ ಇಲ್ಲ." ಪ್ಯಾನಿನಿಂದ ಕಣ್ಣೆತ್ತದೆ ಮುಂದುವರಿಸಿದರು. "ನೀವು ನಿಂತು ಮಾಡೂದು, ನಾ ಕೂತು ಉಣ್ಣೂದು. ಅಳಿಯಂದ್ರು ಮನಿಗೆ ಬಂದ್ರ ನಾವು ಕಾಲಿಗೆ ನೀರು ಕೊಟ್ಟವ್ರು. ಈಗ ಅವ್ರ ಕೈಲೆ ಮಾಡಿಸಿಕೊಂಡು ಉಣ್ಣೂದಂದ್ರ ಹೆಂಗ್ರಿ? ನೋಡ್ಕೋತ ಕೂಡಾಕ ಆಗ್ತಿದ್ದಿಲ್ಲ. ಅದಕ್ಕ ಕೆಳಗ ಹೋಗ್ತಿದ್ದೆ."

ಇಷ್ಟು ದಿನ ನಾನು ಕಟ್ಟಿಕೊಂಡಿದ್ದ ಕಥೆಯೆಲ್ಲ ಬುಡಮೇಲಾಯಿತು. ಅವರಿಗೆ ನಾಚಿಕೆಯಾಗಿದ್ದು ನನ್ನನ್ನು ನೋಡಿ ಅಲ್ಲ, ತಮ್ಮನ್ನು ನೋಡಿಕೊಂಡು. "ಉಪ್ಪು ನೋಡಿ ಮಾವ," ಎಂದೆ. ಅವರು ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಬೇಕು," ಎಂದರು. ನಾನು ಹಾಕಿದೆ.

ಅವರ ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಉಳಿದದ್ದನ್ನು ಬೋಗುಣಿಗೆ ಬಗ್ಗಿಸಿ, ಅದೇ ಪ್ಯಾನಿನಲ್ಲಿ ಸಾಸೇಜ್ ಹುರಿದು ಬೆರೆಸುತ್ತಿದ್ದಾಗ ಕರೆಂಟು ಬಂತು. ಅದರ ಹಿಂದೆಯೇ ಕೀಲಿ ತಿರುಗಿದ ಸದ್ದು. ನನ್ನ ಹೆಂಡತಿ ಒದ್ದೆ ಬ್ಯಾಗಿನೊಂದಿಗೆ ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಪ್ಪಾ, ನೀವು ಇಲ್ಲೇನ್ ಮಾಡ್ಲಿಕತ್ತೀರಿ?"

"ಅಡಿಗಿ," ಎಂದರು ಮಾವನವರು, ದಿನಾ ಮಾಡುವವರ ಹಾಗೆ. "ಕೈಕಾಲು ತೊಳಕೊಂಡು ಬಾ. ಆರಿದ್ರ ಗಟ್ಟಿ ಆಗ್ತದ."

ಅವಳು ಕೈಕಾಲು ತೊಳೆಯುವ ಮೊದಲು ಫೋನು ತೆಗೆದಳು. ಎದೆಯಲ್ಲಿ ಇನ್ನೂ ಟಾರ್ಚು ಉರಿಯುತ್ತಿದ್ದ ಅಪ್ಪನ ವಿಡಿಯೊ ವಿಜಯಪುರ ಮುಟ್ಟಿತು. ನಾವು ಎರಡು ತುತ್ತು ತಿನ್ನುವಷ್ಟರಲ್ಲಿ ಅತ್ತೆಯ ವಿಡಿಯೊ ಕರೆ ಬಂತು. ಪ್ಲಾಸ್ಟರಿನ ಕೈ ಮೊದಲು ಕಾಣಿಸಿತು, ಮುಖ ಆಮೇಲೆ.

"ಏನ್ರೀ, ನಂಗ ಜ್ವರ ಬಂದಾಗ ಒಂದು ಕಪ್ ಚಾ ಮಾಡ್ರಿ ಅಂದ್ರ, ಸಕ್ಕರಿ ಡಬ್ಬಿ ಎಲ್ಲಿ ಅದ ಅಂತ ಕೇಳಾಕ ನನ್ನ ಎಬ್ಬಿಸಿದ್ರಿ. ಮಗಳ ಮನಿಗೆ ಹೋಗಿ ಇಟಲಿ ಅಡಿಗಿ ಮಾಡ್ತೀರೇನು?"

"ಇಲ್ಲಿ ಡಬ್ಬಿ ಎಲ್ಲಾ ಗಾಜಿನವು ಅದಾವ," ಎಂದರು ಮಾವನವರು ಬಾಯಲ್ಲಿ ತುತ್ತಿಟ್ಟುಕೊಂಡೇ. "ಒಳಗ ಏನದ ಅಂತ ಹೊರಗಿಂದ ಕಾಣ್ತದ."

ಅತ್ತೆಯ ಹಿಂದೆ ಅವರ ತಂಗಿ ಬಿದ್ದು ಬಿದ್ದು ನಗುವುದು ಕೇಳಿಸಿತು. ಅತ್ತೆ ನಗಲಿಲ್ಲ. ನನ್ನ ಕಡೆ ಫೋನು ತಿರುಗಿಸಲು ಹೇಳಿ ಅಪ್ಪಣೆ ಕೊಟ್ಟರು: "ಅಳಿಯಂದ್ರ, ನಾಳಿಂದ ಇವ್ರಿಗೆ ಚಾ ಕಲಿಸ್ರಿ. ಪಾಸ್ತಾ ಆಮ್ಯಾಲ."

ಶೇಂಗಾ ಪುಡಿಯ ಪಾಸ್ತಾ ಹೇಗಿತ್ತು ಎಂದರೆ, ಇಟಲಿಯವರು ಕಂಡರೆ ಅಳುತ್ತಿದ್ದರೇನೋ, ನನ್ನ ಹೆಂಡತಿ ಮಾತ್ರ ಬೋಗುಣಿಯನ್ನು ಬೆರಳಿನಿಂದ ಬಳಿದಳು. ಮಾವನವರು ತಮ್ಮ ಸೋಮವಾರದ ಪಾಲನ್ನು ಮುಗಿಸಿ, ನಮ್ಮ ತಟ್ಟೆಗಳಲ್ಲಿದ್ದ ಸಾಸೇಜ್ ಬಿಲ್ಲೆಗಳನ್ನು ಒಂದೆರಡು ಸಲ ನೋಡಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಫ್ರಿಜ್ಜು ತೆಗೆದು ನಿಂತಿದ್ದರು.

"ಆ ಕೋಳಿ ಒಂದಿಷ್ಟು ಉಳದದೇನ್ರಿ? ಇವತ್ತ ಮಂಗಳವಾರ."

ಪೊಟ್ಟಣದಲ್ಲಿ ಎರಡು ಉಳಿದಿದ್ದವು. ಹುರಿದುಕೊಟ್ಟೆ. ಚಪಾತಿಯಲ್ಲಿ ಸುತ್ತಿಕೊಂಡು ತಿಂದು ತೀರ್ಪು ಕೊಟ್ಟರು: "ರುಚಿ ಅದ. ಆದ್ರ ಕೋಳಿ ಅಂತ ಯಾರರ ಹೇಳಬೇಕು, ತಾನಾಗಿ ಗೊತ್ತಾಗೂದಿಲ್ಲ."

ಆಮೇಲೆ ಅವರು ಸಂಜೆ ಕೆಳಗೆ ಹೋಗುವುದನ್ನು ಬಿಟ್ಟರು. ವಾಚ್‌ಮನ್ ಒಮ್ಮೆ ನನ್ನನ್ನು ತಡೆದು, ಕಾಕಾಗೆ ಹುಷಾರಿಲ್ಲವೇ ಎಂದು ವಿಚಾರಿಸಿದ. ಕಾಕಾ ಅಡುಗೆಮನೆಯಲ್ಲಿ ಸ್ಟೂಲು ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ ಎಂದರೆ ಅವನು ನಂಬಲಿಲ್ಲ. ಚಹಾ ಅವರಿಗೆ ಪಾಸ್ತಾದಷ್ಟು ಸುಲಭವಾಗಿ ಒಲಿಯಲಿಲ್ಲ. ಹಾಲು ಉಕ್ಕಿಸಿ ಉಕ್ಕಿಸಿ, ನನ್ನ ಒಲೆಯನ್ನು ಕಪ್ಪು ಮಾಡಿ, ಕೊನೆಗೆ ಒಂದು ಹದಕ್ಕೆ ಬಂದರು. ಅತ್ತೆಯ ಪ್ಲಾಸ್ಟರ್ ಬಿಚ್ಚಿದ ಸುದ್ದಿ ಬಂದ ಮೇಲೆ, ಪೆಟ್ಟಿಗೆಯಲ್ಲಿ ನಾಲ್ಕು ಪೊಟ್ಟಣ ಪಾಸ್ತಾ ಇಟ್ಟುಕೊಂಡು ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದ ನನಗೆ ಹೇಳಿದ ಮಾತು "ಆರಾಮ ಇರ್ರಿ" ಅಲ್ಲ, "ಪ್ಯಾನಿಗೆ ತಂತಿ ಬ್ರಶ್ ಹಚ್ಚಬ್ಯಾಡ್ರಿ."

ಮೊನ್ನೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಅವರ ಫೋನು ಬಂತು. ಮೈಕು ಮುಚ್ಚಿ ಎತ್ತಿಕೊಂಡೆ.

"ಅಳಿಯಾರ, ಇಲ್ಲಿ ಝುಕಿನಿ ಸಿಗೂದಿಲ್ಲ. ಹೀರೀಕಾಯಿ ನಡೀತದೇನ್ರಿ?"

"ನಡೆಯುತ್ತೆ ಮಾವ. ಎಳೇದು ನೋಡಿ ಹಾಕಿ."

"ಹಾಕೇನಿ."

"ಸಿಪ್ಪೆ ಹೆರೆದು ಹಾಕಿದಿರಿ ತಾನೇ?"

ಆ ಕಡೆ ತಟ್ಟೆಗೆ ಚಮಚ ತಾಗುವ ಸದ್ದು ಕೇಳಿಸುತ್ತಿತ್ತು.

"ಆಕಿ ತಿನ್ಲಿಕತ್ತಾಳ," ಎಂದರು ಮೆಲ್ಲನೆ. "ಇನ್ನೂ ತನಕಾ ಏನೂ ಅಂದಿಲ್ಲ. ಇಡ್ತೀನ್ರಿ."