ಕಲ್ಲುಬೆಂಚಿನಲ್ಲಿ ತುಂಬಿದ ನಮೂನೆಗಳು

ಮಾನ್ಯ ಓದುಗರಲ್ಲಿ ವಿನಂತಿ. ತುಡಿಯಲೂರಿನಲ್ಲಿ ತಮಿಳು ಓದಿ ಬೆಳೆದ ನಾನು ಕನ್ನಡ ಅಕ್ಷರಗಳನ್ನು ತಡವಾಗಿ ಕಲಿತವನು. ಕಾಗುಣಿತದ ದೋಷಗಳನ್ನೂ ಸೊಟ್ಟ ಕೈಬರಹವನ್ನೂ ಮನ್ನಿಸಬೇಕಾಗಿ ಕೋರುತ್ತೇನೆ.

ಅವರ ಬಲ ಹೆಬ್ಬೆರಳಿನ ಉಗುರಿನಲ್ಲಿ ರೇಷ್ಮೆ ಎಳೆ ಕೊರೆದ ಗೀರೊಂದಿತ್ತು. ಸಿರುಮುಗೈಯಲ್ಲಿ ಮಗ್ಗ ನಡೆಸುತ್ತಿದ್ದ, ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದ ಆ ನೇಕಾರರನ್ನು ಕುರಿತು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

ವಲಸೆ, ಉದ್ಯೋಗ ಹಾಗೂ ಇಂಟರ್ನೆಟ್ ಸೌಲಭ್ಯ ಕುರಿತ ಸರ್ಕಾರಿ ಸಮೀಕ್ಷೆಗೆ ನನ್ನನ್ನು ತಾತ್ಕಾಲಿಕವಾಗಿ ನೇಮಿಸಲಾಗಿತ್ತು. ಅವರ ಬೀದಿಯ ಯಾವ ಮನೆಯಲ್ಲೂ ನನ್ನ ಟ್ಯಾಬ್‌ನಲ್ಲಿ ನಮೂನೆ ತೆರೆಯಲಿಲ್ಲ. ಅಂಥ ಕಡೆ ಕಾಗದದ ನಮೂನೆ ತುಂಬಿ ‘ಸಂಪರ್ಕವಿಲ್ಲ’ ಎಂದು ನಮೂದಿಸತಕ್ಕದ್ದೆಂದು ಆದೇಶವಿತ್ತು. ಅದು ಎರಡು ದಿನದ ಕೆಲಸ. ಬಿಸಿಲಿನಲ್ಲಿ ನಿಂತ ನನ್ನನ್ನು ಕಂಡು ದೊಡ್ಡಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದರು. ಮಜ್ಜಿಗೆ ಕೊಟ್ಟು, ಸಿಗ್ನಲ್ ಸಿಗುವ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ಕರೆದೊಯ್ದರು. ಅಂಗಡಿಯವರು ಫೋನಿಗೆ ಕಳುಹಿಸುವ ಸೀರೆಯ ವಿನ್ಯಾಸಗಳನ್ನು ಅವರು ದಿನವೂ ಅಲ್ಲಿಗೆ ನಡೆದು ಬಂದೇ ಇಳಿಸಿಕೊಳ್ಳುತ್ತಿದ್ದರು.

“ಇದು ನನ್ನ ಆಪೀಸು ತಂಬಿ. ಫ್ಯಾನ್ ಒಂದೇ ಇಲ್ಲ.”

ಬೀದಿಯವರನ್ನೆಲ್ಲ ಅಲ್ಲಿಗೇ ಕರೆಸಿದರು. ತಡಮಾಡಿದವರನ್ನು, ಸರ್ಕಾರವೇ ಬೆಂಚಿನ ಮೇಲೆ ಕೂತು ಕಾಯುತ್ತಿದೆಯೆಂದು ಗದರಿಸಿದರು. ತಮ್ಮ ಸರದಿ ಬಂದಾಗ, ವಿನ್ಯಾಸ ತಡವಾಗಿ ತಲುಪಿ ಕೆಲಸ ಬೇರೆ ಮನೆಗಳಿಗೆ ಹೋಗುವುದರಿಂದ ಮಗಳು ತಿರುಪ್ಪೂರಿಗೆ ಬನಿಯನ್ ಕಂಪನಿ ಸೇರಿದ್ದಾಳೆಂದು ಬರೆಸಿದರು. ಮನೆಗೇ ಇಂಟರ್ನೆಟ್ ಲೈನ್ ಬಂದರೆ ಅವಳೂ ಬಂದುಬಿಡುತ್ತಾಳೆ ಎಂದರು. ಅವಳ ಮಗ್ಗಕ್ಕೆ ಹಳೆಯ ಸೀರೆ ಹೊದಿಸಿ, ಪ್ರತಿ ಶುಕ್ರವಾರ ಧೂಳು ಒರೆಸುತ್ತಿದ್ದರು.

ನಮೂನೆ ತೆರೆದ ಜಾಗದ ಇಂಟರ್ನೆಟ್ ವೇಗವನ್ನು ಟ್ಯಾಬ್ ತಾನೇ ಅಳೆದು ಮನೆಯ ಹೆಸರಿಗೆ ದಾಖಲಿಸುತ್ತದೆ. ಇದು ನನಗೆ ತಿಳಿದಿತ್ತು. ಬೆಂಚಿನ ವೇಗ ಇಡೀ ಬೀದಿಯ ವೇಗವಾಯಿತು.

ಸಂಜೆ ಹೊರಡುವಾಗ ಅವರು ನನ್ನ ಮಣಿಕಟ್ಟು ಹಿಡಿದರು.

“ತಂಬಿ, ನಮ್ ಬೀದೀಲಿ ಸಿಗ್ನಲ್ ಇಲ್ಲಾಂತ ಕರೆಕ್ಟಾ ಬರ್ದಿದೀಯ ತಾನೆ?”

“ಬರ್ದಿದೀನಿ ದೊಡ್ಡಮ್ಮ” ಎಂದೆ.

ಕೆಲವು ತಿಂಗಳ ನಂತರ, ಸಮೀಕ್ಷೆಯಲ್ಲಿ ‘ಸಂಪರ್ಕವಿಲ್ಲ’ ಎಂದು ದಾಖಲಾಗಿ ಬ್ರಾಡ್‌ಬ್ಯಾಂಡ್ ಎಳೆಯಲಿರುವ ಬೀದಿಗಳ ಪಟ್ಟಿ ಬಂತು. ಪಕ್ಕದ ಬೀದಿಗಳಿದ್ದವು, ಅವರದು ಇರಲಿಲ್ಲ. ತಪ್ಪೊಪ್ಪಿಕೊಳ್ಳಲೆಂದೇ ಹೋದೆ. ಅಷ್ಟರಲ್ಲಿ ನೆರೆಯಾಕೆಯೊಬ್ಬಳು ನನ್ನನ್ನು ಕಂಡು, ಬಂದರಪ್ಪಾ ಎಣಿಸುವ ದೊರೆ ಎಂದು ಚುಚ್ಚಿದಳು. ದೊಡ್ಡಮ್ಮ ಲಾಳಿ ನಿಲ್ಲಿಸಿದರು.

“ಅವನ್ನ ಏನೂ ಅನ್ಬೇಡ. ನಮ್ ಹುಡ್ಗ ಸರಿಯಾಗೇ ಬರ್ದಿದಾನೆ, ನಾನೇ ಕೇಳಿದೀನಿ. ಮೇಲಿನೋರು ತಪ್ಪು ಮಾಡಿರ್ಬೇಕು.”

ನಾನು ಮಜ್ಜಿಗೆ ಕುಡಿದು ಹಿಂದಿರುಗಿದೆ.

ಕಳೆದ ವರ್ಷ ಅವರು ತೀರಿಕೊಂಡರು. ಮಗಳು ಬಂದು, ಕಾರ್ಯ ಮುಗಿಸಿ, ತಿರುಪ್ಪೂರಿನ ಬಸ್ಸಿಗೆ ಅದೇ ಬೆಂಚಿನಲ್ಲಿ ಕಾದು ಕುಳಿತಳು. ಅವಳಿಗೂ ನಾನು ಹೇಳಲಿಲ್ಲ.

ದಾಖಲೆಗಳನ್ನು ತಿದ್ದಲು ಅಂದು ನನಗೆ ಹತ್ತು ದಿನಗಳ ಕಾಲಾವಕಾಶವಿತ್ತು ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಈ ಬರಹದಲ್ಲಿ ಕಾಣುವ ತಪ್ಪುಗಳನ್ನಾದರೂ ತಾವು ತಡಮಾಡದೆ ತಿದ್ದಿಕೊಡಬೇಕಾಗಿ ಪ್ರಾರ್ಥನೆ.