ಗಂಗರಾಜು ಮೇಷ್ಟ್ರ ಮಾತಿನ ಸರದಿ

ಗಂಗರಾಜು ಮೇಷ್ಟ್ರ ಮಾತನ್ನು ಹೆಚ್ಚಾಗಿ ಬೇರೆಯವರೇ ಮುಗಿಸಿಬಿಡುತ್ತಿದ್ದರು. ಅವರಿಗೆ ಉಗ್ಗು. ‘ರ’ದಿಂದ ಶುರುವಾಗುವ ಶಬ್ದ ಬಂದರಂತೂ ಗಂಟಲೇ ಕಟ್ಟಿಕೊಳ್ಳುತ್ತಿತ್ತು. ಬಿಡದಿಯಲ್ಲಿ ಬಸ್ಸು ಹತ್ತಿ ‘ರಾಮನಗರ’ ಎನ್ನಲಾಗದೆ ಎಷ್ಟೋ ಸಲ ಚನ್ನಪಟ್ಟಣಕ್ಕೆ ಟಿಕೆಟ್ ತೆಗೆದುಕೊಂಡು ರಾಮನಗರದಲ್ಲೇ ಇಳಿದುಬಿಡುತ್ತಿದ್ದರಂತೆ. ಅಂಥವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದೇ ಸೋಜಿಗ. ಅದರಲ್ಲೂ ಅವರು ಹೇಳುತ್ತಿದ್ದುದು ಜನ ಹೇಗೆ ಮಾತಾಡುತ್ತಾರೆ ಎಂಬುದನ್ನೇ.

ಅವರದು ಬೈರಮಂಗಲದ ಕೆರೆಯಾಚೆಯ ಹಳ್ಳಿ. ನಮ್ಮದೂ ಅದೇ ಊರು. ಅವರ ಅಪ್ಪ ಹನುಮಂತಯ್ಯ ಹೊಲವನ್ನೂ ಮಾಡುತ್ತಿದ್ದರು, ಕುರಿಯನ್ನೂ ಸಾಕಿದ್ದರು. ಹುಡುಗನಾಗಿದ್ದಾಗ ಗಂಗರಾಜು ಕುರಿಗಳ ಜೊತೆ ಮಾತಾಡುವಾಗ ಒಂದಕ್ಷರವೂ ತಡವರಿಸುತ್ತಿರಲಿಲ್ಲವಂತೆ. ಮನುಷ್ಯರೆದುರು ಬಾಯಿ ತೆರೆದರೆ ಮಾತ್ರ ಯಾರಾದರೊಬ್ಬರು ನಡುವೆ ಬಾಯಿ ಹಾಕಿ, ಇವನು ಹೇಳಬೇಕೆಂದಿದ್ದನ್ನು ತಾವೇ ಹೇಳುತ್ತಿದ್ದರು. ಅದು ಅರ್ಧಕ್ಕರ್ಧ ತಪ್ಪಾಗಿರುತ್ತಿತ್ತು. ಇವನು ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಮೈಸೂರಿನಲ್ಲಿ ಎಂ.ಎ. ಓದುವಾಗ ಭಾಷಾವಿಜ್ಞಾನದ ಒಂದು ತರಗತಿಯಲ್ಲಿ ಅವರಿಗೆ ಹೊಸ ವಿಷಯವೊಂದು ತಿಳಿಯಿತು. ಇಬ್ಬರು ಮಾತಾಡುವಾಗ ಸರದಿ ಇರುತ್ತದೆ. ಒಬ್ಬರ ಮಾತು ನಿಂತ ಕಡೆ ಕಣ್ಣುರೆಪ್ಪೆ ಬಡಿಯುವಷ್ಟು ಬಿಡುವು ಸಿಕ್ಕರೂ ಇನ್ನೊಬ್ಬರು ಅಲ್ಲಿ ನುಗ್ಗುತ್ತಾರೆ. ಇದನ್ನು ಟೇಪು ಮಾಡಿ, ಬರೆದು, ಅಳೆದು ನೋಡುವ ವಿದ್ವಾಂಸರೇ ಇದ್ದಾರೆ. ಮೇಷ್ಟ್ರು ಇದನ್ನು ನಮಗೆ ಹೇಳುವಾಗ, “ನನ್ ಮಾತನ್ನ ಜನ ಕಿತ್ಕೊಳ್ತಾರೆ ಅನ್ಕೊಂಡಿದ್ದೆ. ಪಾಪ, ಅವರು ಬಿಡುವು ಕಂಡು ಒಳಗ್ ಬರ್ತಿದ್ರು ಅಷ್ಟೆ,” ಎಂದಿದ್ದರು. ಆ ದಿನದಿಂದ ಅವರಿಗೆ ಯಾರ ಮೇಲೂ ಸಿಟ್ಟು ಉಳಿಯಲಿಲ್ಲವಂತೆ.

ಕಲ್ಯ ಎಂಬ ಊರಿಗೆ ಹೆಣ್ಣು ನೋಡಲು ಹೋದಾಗಲೂ ಇವರ ಸೋದರಮಾವನೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದ. ಹುಡುಗಿ ರಾಧಾಮಣಿ ಕಾಫಿ ಕೊಟ್ಟು, ನಿಮಗೆ ಏನು ಇಷ್ಟ ಎಂದು ಇವರನ್ನು ಕೇಳಿದಳು. ಮಾವ ಹಿತ್ತಿಲಿಗೆ ಹೋಗಿದ್ದ. ಇವರಿಗೆ ಮಾತು ಹೊರಡಲಿಲ್ಲ. ಅವಳು ಮುಖ ತಿರುಗಿಸಲಿಲ್ಲ, ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಾಫಿ ಆರುತ್ತ ಬಂದಾಗ ಇವರು, “ಕು... ಕುರಿಮರಿಗೆ ಹಾಲು ಕುಡ್ಸೋದು,” ಎಂದರು. ಅವಳು ನಕ್ಕಳು. ಮದುವೆಯಾದ ಮೇಲೆ ಅವಳ ಹೆಸರಿನ ಮೊದಲಕ್ಷರವೇ ಕೈಕೊಡುತ್ತಿದ್ದುದರಿಂದ ‘ಮಣಿ’ ಎಂದೇ ಕರೆದರು.

ಅವರೂರಿನ ಹುಡುಗಿಯಾದ ನಾನು ಅವರದೇ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ್ದು ಎರಡು ಸಾವಿರದ ನಾಲ್ಕರಲ್ಲಿ. ಮೊದಲ ದಿನ ಅವರು ಮಾತುಕತೆಯನ್ನು ಬಿಡಿಸಿ ನೋಡುವ ತಮ್ಮ ಪಾಠದ ಹೆಸರನ್ನು ಬೋರ್ಡಿನ ಮೇಲೆ ‘ಸಂಕಥನ ವಿಶ್ಲೇಷಣೆ’ ಎಂದು ಬರೆದು, ಅದನ್ನು ಬಾಯಲ್ಲಿ ಹೇಳಲು ಹೋಗಿ ನಿಂತರು. ಮುಂದಿನ ಬೆಂಚಿನ ಲೋಕೇಶ ತಡೆಯಲಾರದೆ, “ಸಂಕಟ ಸಾರ್,” ಎಂದುಬಿಟ್ಟ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕು, “ನೋಡಿ, ಬಿಡುವು ಸಿಕ್ತು, ನುಗ್ಗಿದ. ಇವತ್ತಿನ ಪಾಠ ಅದೇ,” ಎಂದರು.

“ಮನೆಯಿಂದ ಹೊರಡೋನು ‘ಬತ್ತೀನಿ’ ಅಂತಾನೆ. ಹೋಗ್ತಿರೋನು ಬತ್ತೀನಿ ಅಂದ್ರೆ ಸುಳ್ಳಾ?” ಎಂದು ಕೇಳಿದರು. ಮಾತು ಏನು ಕೆಲಸ ಮಾಡುತ್ತದೆ ಎಂದು ನೋಡುವವರು ಕೆಲವರು. ಅವರ ಲೆಕ್ಕದಲ್ಲಿ ‘ಬತ್ತೀನಿ’ ಮಾಡುವುದು ಅಪ್ಪಣೆ ಕೇಳುವ ಕೆಲಸ. ಅದಕ್ಕೆ ಎದುರಿನವರು ಯಾವಾಗ, ಏನನ್ನುತ್ತಾರೆ ಎಂದು ನೋಡುವವರು ಇನ್ನು ಕೆಲವರು. ಯಾರಿಗೆ ಹೇಳಿ ಹೋಗಬೇಕು, ಯಾರಿಗೆ ಹೇಳದಿದ್ದರೂ ನಡೆಯುತ್ತದೆ, ಅಲ್ಲಿ ಯಾರ ಕೈ ಮೇಲು ಎಂದು ಹುಡುಕುವವರು ಮತ್ತೆ ಕೆಲವರು. ಒಂದೇ ಮಾತು, ನೋಡುವ ದಾರಿ ಬೇರೆ ಬೇರೆ ಎಂದರು. ಒಂದು ತಿಂಗಳಲ್ಲಿ ನಮಗೆ ಅವರ ಉಗ್ಗು ಅಭ್ಯಾಸವಾಯಿತು. ಅವರ ಮಾತು ನಿಂತಾಗ ನಾವೂ ಪೆನ್ನು ಎತ್ತಿಹಿಡಿದು ಕಾಯುತ್ತಿದ್ದೆವು.

ಆ ಹೊತ್ತಿಗೆ ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮೂರಿಗೂ ನೋಟೀಸು ಬಂತು. ಹನುಮಂತಯ್ಯನವರು ಅದನ್ನು ಮಗನ ಕೈಲಿ ಓದಿಸಿದರು. ಜಮೀನು ಗುರುತಿಸಲಾಗಿದೆ, ಪಾಳು ಎಂದು ಪರಿಗಣಿಸಲಾಗಿದೆ, ಸ್ವಾಧೀನಪಡಿಸಿಕೊಳ್ಳಲಾಗುವುದು.

“ಯಾರ್ಲಾ ಗುರುತು ಮಾಡ್ದೋರು?” ಎಂದರು ಹನುಮಂತಯ್ಯ.

“ಇಲ್ಲಿ ಬರ್ದಿಲ್ಲ ಅಪ್ಪಯ್ಯ.”

“ಬಾವಿ ಐತೆ, ಮೋಟ್ರು ಐತೆ. ಪಾಳು ಅಂದೋರ್ಗೆ ಹೆಸ್ರು ಇಲ್ವಾ?”

ಮರುದಿನ ಮೇಷ್ಟ್ರು ಆ ನೋಟೀಸನ್ನೇ ಕ್ಲಾಸಿಗೆ ತಂದರು. ಮಾಡಿದವರ ಹೆಸರಿಲ್ಲದೆ ಎಲ್ಲವೂ ‘ಆಗಿಬಿಡುವ’ ಈ ಕರ್ಮಣಿ ಪ್ರಯೋಗ ಕಚೇರಿಗಳಿಗೆ ಯಾಕೆ ಇಷ್ಟ ಎಂದು ಹೇಳಿಕೊಟ್ಟರು. ಆವತ್ತು ಅವರ ದನಿ ಎಂದಿನಂತಿರಲಿಲ್ಲ.

ತಕರಾರು ಕೇಳುವ ಸಭೆ ನಮ್ಮೂರ ಶಾಲೆಯ ಅಂಗಳದಲ್ಲಿ ನಡೆಯಿತು. ಹೆಂಗಸರ ಕಡೆಗೆ ಹೋಗದೆ ನಾನು ನನ್ನ ಅಪ್ಪ ಬೋರಲಿಂಗಯ್ಯನ ಪಕ್ಕವೇ ಕೂತಿದ್ದೆ. ಜನ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಮೇಷ್ಟ್ರು ಎದ್ದು ನಿಂತು, “ಸಾರ್, ನಮ್ ಹೊಲಾನ ಪಾ... ಪಾ...” ಎಂದು ಸಿಕ್ಕಿಕೊಂಡರು. ತಕರಾರು ಕೇಳಲು ಬಂದಿದ್ದ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ, “ಪರಿಹಾರ ಎಷ್ಟು ಅಂತ ತಾನೇ? ಕೂತ್ಕೊಳಿ, ಹೇಳ್ತೀನಿ,” ಎಂದರು. ಪಕ್ಕದ ಗುಮಾಸ್ತ ಹಾಗೇ ಬರೆದುಕೊಂಡ. ಮೇಷ್ಟ್ರು ತಲೆಯಾಡಿಸಿ ಕೂರುವುದರಲ್ಲಿದ್ದರು.

ಹೆಂಗಸರ ಕಡೆಯಿಂದ ರಾಧಾಮಣಿಯವರು ಎದ್ದರು. “ಸಾರ್, ಒಸಿ ತಡೀರಿ. ಅವ್ರು ಕೇಳ್ತಿರೋದು ಅದಲ್ಲ. ಅವ್ರಿನ್ನೂ ಮಾತು ಮುಗ್ಸಿಲ್ಲ.”

ಏನು ಕೇಳುತ್ತಿದ್ದಾರೆ ಎಂಬುದನ್ನು ಆಕೆ ಹೇಳಲಿಲ್ಲ. ಹೇಳಬಹುದಿತ್ತು. ಸುಮ್ಮನೆ ನಿಂತೇ ಇದ್ದರು. ಅಂಗಳದಲ್ಲಿ ಸದ್ದಡಗಿತು. ಮೇಷ್ಟ್ರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಕಡೆಗೆ ಮಾತು ಬಂತು. “ಪಾಳು ಅಂತ ಪರಿಗಣಿಸಿದೋರು ಯಾರು ಸಾರ್? ಅವ್ರು ಬಂದು ನೋಡಿದ್ರಾ?”

ಸಾಹೇಬರು ಪಕ್ಕದವರ ಮುಖ ನೋಡಿದರು. ಅವರು ಕಾಗದ ತಿರುವಿದರು. ಬಂದು ನೋಡಿದವರು ಯಾರೂ ಇರಲಿಲ್ಲ. “ಇನ್ನೊಂದ್ಸಲ ಸ್ಥಳ ನೋಡೋಣ,” ಎಂದು ಸಾಹೇಬರು ಹೇಳಿದರು, ಹೇಳಿದಂತೆ ನೋಡಿದರು ಕೂಡ. ಬಾವಿಗಳಿದ್ದ ಹೊಲಗಳನ್ನು ಪಟ್ಟಿಯಿಂದ ಕೈಬಿಟ್ಟರು. ನಮ್ಮದೂ ಹಾಗೆ ಉಳಿಯಿತು. ಕುರಿ ಮೇಯಿಸುತ್ತಿದ್ದ ದಿಣ್ಣೆ ಮಾತ್ರ ಹೋಯಿತು. ಅದಕ್ಕೆ ಕಾಂಪೌಂಡು ಬಂತು, ಆಮೇಲೆ ಷೆಡ್ಡುಗಳು ಬಂದವು. ಹನುಮಂತಯ್ಯನವರು ಮಂದೆಯನ್ನು ಮಾರಿ ನಾಲ್ಕೈದು ಕುರಿ ಇಟ್ಟುಕೊಂಡರು.

ಸಭೆಯಿಂದ ಮನೆಗೆ ಹೋಗುವಾಗ ಮೇಷ್ಟ್ರು ಹೆಂಡತಿಯ ಮೇಲೆ ಮುನಿಸಿಕೊಂಡಿದ್ದರಂತೆ. ಇದನ್ನು ರಾಧಾಮಣಿಯವರೇ ನನಗೆ ಹೇಳಿದರು.

“ಕೆರೆ ಏರಿ ತನ್ಕ ಮೂತಿ ಊದಿಸ್ಕೊಂಡೇ ಬಂದ್ರು ಕಣವ್ವ. ನಾನೂ ಕೇಳ್ನಿಲ್ಲ. ಏರಿ ಮೇಲೆ ನಿಂತ್ಕೊಂಡು, ‘ಊರ್ ಮುಂದೆ ನನ್ ಪರವಾಗಿ ಎದ್ದು ನಿಂತ್ಯಲ್ಲ ಮಣಿ, ನಾಚ್ಕೆ ಆಗೋಯ್ತು’ ಅಂದ್ರು. ‘ನಿಮ್ ಪರವಾಗಿ ಏನೂ ಮಾತಾಡ್ನಿಲ್ವಲ್ಲ ಕಣ್ರೀ’ ಅಂದೆ. ಯೋಚ್ನೆ ಮಾಡುದ್ರು. ಆಮೇಲೆ ನಗಾಡ್ಕೊಂಡು ಬಂದ್ರು.”

ಅವರ ಪಿಎಚ್.ಡಿ. ವರ್ಷಗಟ್ಟಲೆ ಎಳೆಯುತ್ತಿತ್ತು. ಊರ ಟೀ ಅಂಗಡಿಯ ಮಾತುಕತೆಯನ್ನು ಟೇಪು ಮಾಡಿ, ಯಾರ ಮಾತು ಎಲ್ಲಿ ನಿಂತಿತು, ಯಾರು ಒಳಗೆ ಬಂದರು ಎಂದು ಗುರುತಿಟ್ಟುಕೊಂಡು ಬರೆಯುತ್ತಿದ್ದರು. ಸಭೆಯಾದ ಮೇಲೆ ಅದಕ್ಕೆ ಹೊಸದೊಂದು ಅಧ್ಯಾಯ ಸೇರಿಸಿದರು: ಸರದಿಯನ್ನು ಇನ್ನೊಬ್ಬರಿಗಾಗಿ ಕಾಯ್ದಿಡುವುದು. ಉದಾಹರಣೆಗಳನ್ನು ಹುಡುಕುತ್ತ ಹೋದರೆ ಊರಲ್ಲಿ ಎಷ್ಟೊಂದು ಸಿಕ್ಕವು. ಮೊಮ್ಮಗು ಕತೆ ಹೇಳುವಾಗ ಅಜ್ಜಿಯರು, ಮುದುಕರು ಹೆಸರು ಮರೆತಾಗ ಹೆಂಡತಿಯರು, ಟೀ ಅಂಗಡಿ ನಡೆಸುವ ವಜೀರಾ ಕೂಡ ಹಾಗೆ ಕಾಯುತ್ತಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಪದವಿ ಸಿಕ್ಕಿತು. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದು ಹೊಲದ ಬಾವಿಯ ಹತ್ತಿರ ಬಾಡೂಟ ಹಾಕಿಸಿದರು. ಹನುಮಂತಯ್ಯನವರು ಮುದ್ದೆಯ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಬಂದರು. “ಸಾಕು ತಾತ,” ಎಂದು ನಾನು ಎಲೆಯ ಮೇಲೆ ಕೈ ಅಡ್ಡ ಇಟ್ಟೆ. ‘ಬತ್ತೀನಿ’ಯ ಹಾಗೆ ಈ ‘ಸಾಕು’ ಎಂಬುದಕ್ಕೂ ಬೇರೆಯೇ ಕೆಲಸವಿದೆ ಎಂಬಂತೆ ಅವರು ಕೈಯನ್ನು ಮೆಲ್ಲಗೆ ಸರಿಸಿ, ಇನ್ನೊಂದು ಮುದ್ದೆ ಇಟ್ಟು ಮುಂದಿನ ಎಲೆಗೆ ಹೋದರು.